ಹಿಂಚಕ್ರದ ಕಡ್ಡಿಗಳಲ್ಲಿ ಅಸಮ ಬಿಗಿತ

ಪ್ರಶ್ನೆ: ಸೈಕಲ್‌ನ 32 ಕಡ್ಡಿಗಳ (ಸ್ಪೋಕ್) ಹಿಂಚಕ್ರವನ್ನು ಮೊದಲ ಬಾರಿಗೆ ಕಟ್ಟಿದ್ದೇನೆ. ರಿಮ್ ನೇರವಾಗಿಯೇ ತಿರುಗುತ್ತಿದ್ದರೂ, ಬೆರಳಿನಿಂದ ಮೀಟಿದಾಗ ಗೇರಿನ ಬದಿಯ ಎರಡು ಕಡ್ಡಿಗಳು ಮಾತ್ರ ತಗ್ಗಿದ ಸ್ವರದಲ್ಲಿ ನುಡಿಯುತ್ತವೆ. ಎಡಬದಿಯವಂತೂ ಎಲ್ಲವೂ ಸಡಿಲವಾಗಿವೆ. ಎಲ್ಲಿ ತಪ್ಪಿದ್ದೇನೆ?

ಉತ್ತರ 1: ಎಡಬದಿಯ ಸಡಿಲತೆ ದೋಷವಲ್ಲ. ಗೇರುಗಳಿಗೆ ಜಾಗ ಬಿಡಲು ಹಬ್‌ನ (ಚಕ್ರದ ನಡುವಿನ ಗುಂಬದ) ಬಲ ಅಂಚು ಒಳಕ್ಕೆ ಸರಿದಿರುವುದರಿಂದ ಎಡಗಡೆಯ ಬಿಗಿತ ಬಲಗಡೆಯದರ ಸುಮಾರು ಅರ್ಧದಷ್ಟೇ ಇರುವುದುಂಟು. ಒಂದೇ ಬದಿಯ ಕಡ್ಡಿಗಳನ್ನಷ್ಟೇ ಪರಸ್ಪರ ಹೋಲಿಸಿ. ಆ ಎರಡು ಕಡ್ಡಿಗಳು ರಿಮ್‌ನ ಜೋಡಣೆಯ, ಅಂದರೆ ಅದರ ಎರಡು ತುದಿಗಳು ಕೂಡುವ ಜಾಗದ, ಬಳಿ ಇವೆಯೇ?

ಪ್ರಶ್ನೆ ಕೇಳಿದವರು: ಹೌದು, ಜೋಡಣೆಯ ಆಚೀಚೆಗೇ ಇವೆ.

ಉತ್ತರ 2: ಹಾಗಿದ್ದರೆ ಅಲ್ಲಿ ತುಸು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ತಗ್ಗಿದ ಸ್ವರದ, ಅಂದರೆ ಸಡಿಲವಾದ ಕಡ್ಡಿಯನ್ನು ಕಾಲು ಸುತ್ತು ಬಿಗಿದು, ಅದೇ ಬದಿಯ ನೆರೆಯ ಕಡ್ಡಿಯನ್ನು ಅಷ್ಟೇ ಸಡಿಲಿಸಿ. ನಿಪ್ಪಲ್‌ನೊಂದಿಗೆ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್) ಕಡ್ಡಿಯೂ ತಿರುಚಿಕೊಳ್ಳುವುದರಿಂದ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ತಿರುಗಿಸಿ ಹಿಂದಕ್ಕೆ ತರಬೇಕು. ಇದು ನನಗೆ ತಿಳಿದದ್ದು ಎರಡು ಚಕ್ರಗಳನ್ನು ಕೆಡಿಸಿದ ಮೇಲೆ.