ಸಿಮ್ ಬ್ಯಾಡ, ನೆಟ್ ಬ್ಯಾಡ, ಪೈಪ್ ಎಲ್ಲೈತಿ?

ಗುಂಪು: ಹಳೇ ಮನಿ ಬಳಗ, ಬಾಗಲಕೋಟಿ. ಭಾನುವಾರ. (ನಡುವಿನ ಹನ್ನೊಂದು ‘ಶುಭ ಮುಂಜಾನೆ’ ತಗದೀನಿ. ಉಳಿದದ್ದು ಇದ್ದಂಗ ಐತಿ.)

ಬಸಣ್ಣ ಕಾಕಾ, ಬೆಳಿಗ್ಗೆ 7:12
[ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ]
🔴 ಸಿಹಿ ಸುದ್ದಿ! ಮುಂದಿನ 1ನೇ ತಾರೀಖಿನಿಂದ ಡಿಶ್, ಕೇಬಲ್ ಎಲ್ಲಾ ಬಂದ್! ಸಿಮ್ ಇಲ್ಲದೆ, ನೆಟ್ ಇಲ್ಲದೆ ಎಲ್ಲರ ಮೊಬೈಲ್‌ನಲ್ಲೂ ಟಿವಿ ಉಚಿತ!! ಹಳೆಯ ಫೋನ್‌ಗಳಲ್ಲೂ ಬರುತ್ತದೆ! ರೀಚಾರ್ಜ್ ಕಂಪನಿಗಳ ಕಥೆ ಮುಗಿಯಿತು! 10 ಗುಂಪುಗಳಿಗೆ ಕಳಿಸಿ… ಮುಂದೆ ಓದಿ

ಬಸಣ್ಣ ಕಾಕಾ: ನಾ ಹೇಳಿದ್ನೋ ಇಲ್ಲೋ? ತಿಂಗಳಾ ತಿಂಗಳಾ ರೊಕ್ಕ ಸುರಿಯೋದು ಇಷ್ಟಕ್ಕ ಮುಗೀತು.

ಗಂಗಾ ವೈನಿ: 🙏🙏 ಚಲೋ ಆತು

ಶ್ರೀಶೈಲ: ಕಾಕಾ, ಇದರ ಮೂಲ ಎಲ್ಲೈತ್ರಿ? ಯಾವ ತಿಂಗಳ 1ನೇ ತಾರೀಖು ಅಂತನೂ ಬರದಿಲ್ಲ.

ಬಸಣ್ಣ ಕಾಕಾ: ಬ್ಯಾಂಕ್ ಮ್ಯಾನೇಜರ್ ಇದ್ದವರು ಕಳಿಸ್ಯಾರ.

ಶ್ರೀಶೈಲ: ಅವರು ಬ್ಯಾಂಕಿನವರ್ರಿ, ಟವರಿನವರಲ್ಲ.

ದೊಡ್ಡಪ್ಪ: ಶ್ರೀಶೈಲ, ನದಿ ಮೂಲ ಋಷಿ ಮೂಲ ಕೇಳಬಾರದಂತ ಹಿರಿಯರು ಹೇಳ್ಯಾರ.

ಶ್ರೀಶೈಲ: ಫಾರ್ವರ್ಡ್ ಮೂಲ ಕೇಳಬಾರದಂತ ಹೇಳಿಲ್ಲ, ದೊಡ್ಡಪ್ಪ.

ದೊಡ್ಡಪ್ಪ: ಇದ ನೋಡು. ಫೋನ್ ಕೈಗೆ ಬಂದ ಮ್ಯಾಲ ಎದುರು ಮಾತಾಡೋದು ಹೆಚ್ಚಾತು. ಈಗ ಅದರಾಗ ಟೀವಿನೂ ಬಂದ್ರ ಹುಡುಗರು ಫೋನ್ ಬಿಟ್ಟು ತಲಿ ಎತ್ತಂಗಿಲ್ಲ.

ಶ್ರೀಶೈಲ: ಪೂರಾ ಸುಳ್ಳಾಗಿದ್ರ ಬಿಡ್ತಿದ್ದೆ. ಅರ್ಧಾ ಖರೆ ಐತಿ, ಅದಕ್ಕ ತ್ರಾಸು. ನೆಟ್ ಇಲ್ದ ಸೀದಾ ಫೋನಿಗೆ ಟೀವಿ ಬಿಡೋದಕ್ಕ ಡೈರೆಕ್ಟ್ ಟು ಮೊಬೈಲ್, ಡಿ2ಎಂ ಅಂತಾರ. ಪ್ರಸಾರ ಭಾರತಿ, ಕಾನ್ಪುರದ ಐಐಟಿ, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕೂಡಿ ಪ್ರಯೋಗ ಮಾಡ್ಯಾರ. 2024ರ ಜನವರಿಯಾಗ 19 ಊರಾಗ ಮಾಡಿ ನೋಡ್ತೀವಿ ಅಂತ ವಾರ್ತಾ ಮತ್ತು ಪ್ರಸಾರ ಇಲಾಖೆ ಕಾರ್ಯದರ್ಶಿ ಹೇಳಿದ್ರು. ಪ್ರಯೋಗ ಬ್ಯಾರೆ, ಡಿಶ್ ಬಂದ್ ಬ್ಯಾರೆ.
‘ಹಳೇ ಫೋನ್‌ನಾಗೂ ಬರತೈತಿ’ ಅನ್ನೋದು ಹಸೀ ಸುಳ್ಳು. ಆ ಸಿಗ್ನಲ್ ಎಟಿಎಸ್‌ಸಿ 3.0 ಅನ್ನೋ ಪ್ರಸಾರ ಪದ್ಧತೀದು. ಅದನ್ನ ಹಿಡಿಯಾಕ ಫೋನ್ ಒಳಗ ಬ್ಯಾರೆ ಟ್ಯೂನರ್ ಚಿಪ್ ಬೇಕು, ಇಲ್ಲಂದ್ರ ಹೊರಗಿಂದ ಡಾಂಗಲ್ ಅನ್ನೋ ಸಣ್ಣ ಡಬ್ಬಿ ಸಿಗಿಸಬೇಕು. ಆ್ಯಪ್ ಹಾಕಿದ್ರ ಚಿಪ್ ಹುಟ್ಟಂಗಿಲ್ಲ.

ಬಸಣ್ಣ ಕಾಕಾ: ನಿನ್ನ ಮದಿವ್ಯಾಗ ಲೈವ್ ಹಾಕ್ತೀನಿ ಅಂದಿದ್ದಿ. ಅಕ್ಷತಾ ಬೀಳೂ ಹೊತ್ತಿಗೆ ಗಾಲಿ ತಿರುಗಾಕತ್ತಿತ್ತು. ನೀ ನಮಗ ಟೀವಿ ಹೇಳ್ತಿ?

ಗಂಗಾ ವೈನಿ: 😂😂

ಶ್ರೀಶೈಲ: ಆ ಗಾಲಿ ಯಾಕ ತಿರುಗ್ತು ಅನ್ನೋದರಾಗ ಇದರ ಉತ್ತರ ಐತ್ರಿ ಕಾಕಾ. ಮಂಟಪದಾಗ ಮುನ್ನೂರು ಫೋನ್, ಹತ್ರ ಇದ್ದದ್ದು ಒಂದ ಟವರ್. ನೆಟ್‌ನಾಗ ಒಂದು ವಿಡಿಯೋನ ನೂರು ಮಂದಿ ನೋಡಿದ್ರ ಟವರ್ ನೂರು ಪ್ರತಿ ಕಳಸಬೇಕು. ಸೆಕೆಂಡಿಗೆ 1 ಮೆಗಾಬಿಟ್ ವಿಡಿಯೋ ಅಂದ್ರ ತಾಸಿಗೆ 450 ಎಂಬಿ. ಮೂರು ತಾಸಿನ ಕ್ರಿಕೆಟ್ ಮ್ಯಾಚಿಗೆ 1.35 ಜಿಬಿ, ದಿನಕ್ಕ 1.5 ಜಿಬಿ ಪ್ಯಾಕ್ ಅಲ್ಲಿಗೆ ಹೆಚ್ಚೂಕಡಿಮಿ ಖಾಲಿ. ಪ್ರಸಾರದಾಗ ಹಂಗಲ್ಲ, ಗುಡಿ ಮೈಕ್ ಇದ್ದಂಗ. ಹತ್ತು ಮಂದಿ ಕೇಳಿದ್ರೂ ಅಷ್ಟ, ಹತ್ತು ಸಾವಿರ ಮಂದಿ ಕೇಳಿದ್ರೂ ಅಷ್ಟ ಕರೆಂಟು. ಆದ್ರ ಮೈಕಿಗೆ ತಿರುಗಿ ಮಾತಾಡಾಕ ಬರಂಗಿಲ್ಲ. ಡಿ2ಎಂ ಬಂದ್ರೂ ವಾಟ್ಸಾಪಿಗೆ, ಫೋನ್‌ಪೇಗೆ ರೀಚಾರ್ಜ್ ಬೇಕ ಬೇಕು.

ದೊಡ್ಡಪ್ಪ: ಗುಡಿ ಮೈಕಿನ ವಿಷಯ ಇಲ್ಲಿ ಬ್ಯಾಡ.

ಈರಣ್ಣ (ಇಳಕಲ್): ಮೈಕ್ ಬಿಡ್ರಿ, ಆಂಟೆನಾ ನೆನಪೈತಾ? ಮಾಳಿಗಿ ಮ್ಯಾಲ ಒಬ್ಬ, ಕಿಡಕ್ಯಾಗ ಒಬ್ಬ, ಟೀವಿ ಮುಂದ ಒಬ್ಬ. ‘ಬಂತಾ?’ ‘ಬಂತು!’ ‘ಹೋತು!’ ಅದ ನಮ್ಮ ಮೊದಲನೇ ಗ್ರೂಪ್.

ಗಂಗಾ ವೈನಿ: ಕಾಗಿ ಕುಂತ್ರ ಚಿತ್ರ ಅಳ್ಳಾಡ್ತಿತ್ತು 😄

ಈರಣ್ಣ: ಹಿಂದಿನ ಉದ್ದನ ಕಡ್ಡಿ ರಿಫ್ಲೆಕ್ಟರು, ನಡುವ ವೈರ್ ಕಟ್ಟಿದ್ದು ಡೈಪೋಲು, ಮುಂದ ಸಣ್ಣವು ಡೈರೆಕ್ಟರು. ಸಣ್ಣ ಕಡ್ಡಿ ಟವರ್ ಕಡಿಗೆ ಇರಬೇಕು, ಬಾಳ ಮಂದಿ ಉಲ್ಟಾ ಕಟ್ಟಿ ಟೀವಿಗೆ ಬೈತಿದ್ರು. 300 ಓಮ್ ಚಪ್ಪಟಿ ವೈರು, ಅದು ಕಬ್ಬಿಣದ ಪೈಪಿಗೆ ತಾಗಿದ್ರ ಸಿಗ್ನಲ್ ಅಲ್ಲೇ ಸೋರತಿತ್ತು. ಗಾಳಿಗೆ ಒಡ್ಯಾಡಬಾರದಂತ ವೈರ್ ಸುರುಳಿ ತಿರುವಿ ತರ್ತಿದ್ವಿ.
ಮತ್ತ ಆಂಟೆನಾ ಕಟ್ಟಿದ್ದ ನಮ್ಮ ಪೈಪ್ ಅಂದ್ರ ಪೈಪ್. 20 ಅಡಿ ಜಿಐ, ಒಂದೂವರಿ ಇಂಚು. ಪೈಪ್ ಬೀಳದಂಗ ಬಿಗಿಯೋ ಎಳಿ ತಂತಿಗೆ ಮುತ್ಯಾ ಮೂರು ತೂತು ಕೊರದಿದ್ದ. ನಡುವಿಂದು ತಪ್ಪಿ ಎರಡು ಸಲ ಕೊರದು 8ರ ಆಕಾರ ಆಗಿತ್ತು.

ಶ್ರೀಶೈಲ: ಆಂಟೆನಾದ ಮಾತು ಇಲ್ಲೂ ಐತಿ ಅಣ್ಣ. ಡಿ2ಎಂಗೆ ಹೇಳ್ತಿರೋದು 526ರಿಂದ 582 ಮೆಗಾಹರ್ಟ್ಸ್. ಅದರ ಅರ್ಧ ಅಲೆ ಸುಮಾರು 27 ಸೆಂಟಿಮೀಟರ್. ಫೋನ್ ಉದ್ದ 16. ಅಂದ್ರ ಫೋನ್ ಒಳಗಿನ ಆಂಟೆನಾ ಯಾವಾಗಲೂ ಗಿಡ್ಡಾಗಿರತೈತಿ. ಮಾಳಿಗಿ ಮ್ಯಾಲ ಬರತೈತಿ, ಕಲ್ಲಿನ ಗ್ವಾಡಿ ಒಳಗ ಬರೋದು ತ್ರಾಸು. ಹೆಚ್ಚು ಟ್ರಾನ್ಸ್‌ಮಿಟರ್ ಹಾಕಬೇಕು, ಅದಕ್ಕ ರೊಕ್ಕ ಯಾರು ಹಾಕ್ತಾರ ಅನ್ನೋದ ದೊಡ್ಡ ಪ್ರಶ್ನೆ.

ಈರಣ್ಣ: ಮತ್ತ ಡಿಜಿಟಲ್ ಬಾಳ ಮೊಂಡು. ಆಗ ಸಿಗ್ನಲ್ ಕಡಿಮಿ ಆದ್ರ ಅಕ್ಕಿ ಚೆಲ್ಲಿದಂಗ ಚುಕ್ಕಿ, ಆದ್ರೂ ಮಾತು ಕೇಳ್ತಿತ್ತು. ಈಗ ಒಂದು ಮಟ್ಟದ ಕೆಳಗ ಇಳದ್ರ ಚೌಕ ಚೌಕ ಒಡದು ಒಮ್ಮೆಲೇ ಕಪ್ಪು. ಅದಿರ್ಲಿ, ಪೈಪ್ ಎಲ್ಲೈತಿ?

ಬಸಣ್ಣ ಕಾಕಾ: ಮತ್ತ ಸುರು ಮಾಡಿದ್ಯಾ? ಊರು ಮುಳುಗೂ ಮುಂದ ನವನಗರಕ್ಕ ಸಾಮಾನು ಹೊತ್ತವ ನಾನು. ಪೈಪ್ ಆಲಮಟ್ಟಿ ಡ್ಯಾಮಿನ ಹಿನ್ನೀರಿನಾಗ ಹೋತು ಅಂತ ನೂರು ಸಲ ಹೇಳೀನಿ.

ಈರಣ್ಣ: ಬಾಗಿಲ ಚೌಕಟ್ಟು ಬಂತು, ಒಳಕಲ್ಲು ಬಂತು, ಮಾಳಿಗಿ ಮ್ಯಾಲಿನ ಪೈಪ್ ಅಷ್ಟ ಮುಳುಗಿತು?

ದೊಡ್ಡಪ್ಪ: ಮುಳುಗಿದ್ದನ್ನ ಕೆದಕಬಾರದು. ತ್ಯಾಗ ಮಾಡಿದ ಊರು ನಮ್ಮದು.

ಶ್ರೀಶೈಲ: ನಾ ವಿಷಯಕ್ಕ ಬರ್ತೀನಿ. 2016ರ ಫೆಬ್ರುವರಿಯಾಗ ದೂರದರ್ಶನ ಇದ ಕೆಲಸ 16 ಊರಾಗ ಚಾಲೂ ಮಾಡಿತ್ತು, ಬೆಂಗಳೂರೂ ಇತ್ತು. ಆಗ ಡಿವಿಬಿ-ಟಿ2 ಅನ್ನೋ ಬ್ಯಾರೆ ಪದ್ಧತಿ, ಫೋನಿಗೆ ಡಾಂಗಲ್. ಯಾರ ಕೈಯಾಗರ ನೋಡೀರಿ? ಜಪಾನಿನಾಗ ಒನ್‌ಸೆಗ್ ಅಂತ 2006ರಾಗ ಬಂತು, ಅಲ್ಲಿ ಫೋನಿನಾಗ ಚಿಪ್ ಹಾಕೇ ಮಾರಿದ್ರು, ಅದಕ್ಕ ನಡೀತು. ಅಮೆರಿಕಾದಾಗ ಇಂಥಾದ್ದ ಮೀಡಿಯಾಫ್ಲೋ 2011ರಾಗ ಬಾಗಿಲು ಹಾಕ್ತು. ಗಾಳ್ಯಾಗ ಸಿಗ್ನಲ್ ಬಿಡೋದು ಸರಳ. ಕಿಸೆದಾಗ ಚಿಪ್ ಇಳಿಸೋದ ಕಷ್ಟ. ಎಫ್‌ಎಂ ರೇಡಿಯೋನ ಫೋನಿನಾಗ ಬಂದ್ ಮಾಡಬ್ಯಾಡ್ರಿ ಅಂತ 2023ರಾಗ ಸರ್ಕಾರನ ಫೋನ್ ಕಂಪನಿಗೆ ಹೇಳಬೇಕಾತು.

ಬಸಣ್ಣ ಕಾಕಾ: ಇಷ್ಟುದ್ದ ಬರದ್ರ ಯಾರು ಓದಬೇಕು?

ಶ್ರೀಶೈಲ: ನೀವು ಕಳಿಸಿದ್ದನ್ನರ ಓದೀರಿ?

ಸುಮಾ ಕಾಕು, 9:47: ಅದರ ಕೊನೀಗೆ ನೀಲಿ ಲಿಂಕ್ ಇತ್ತಲ್ಲ, ಟೀವಿ ಚಾಲೂ ಮಾಡಾಕ. ಒತ್ತೀನಿ. ಏನೋ ಇಳೀತು. ಈಗ ಓಟಿಪಿ ಕೇಳಾಕತ್ತೈತಿ. ಹಾಕ್ಲೇನು?

ಗಂಗಾ ವೈನಿ: ಲಿಂಕಾ? ಎಲ್ಲಿ?

ಶ್ರೀಶೈಲ: ಅಯ್ಯೋ. ‘ಮುಂದೆ ಓದಿ’ ಒತ್ತಿರಲಿಲ್ಲ ನಾ.

ಪ್ರೀತಿ (ಬೆಳಗಾವಿ): ಕಾಕು, ಹಾಕಬ್ಯಾಡ್ರಿ!! ಅದು ಎಪಿಕೆ ಫೈಲ್, ಕಳ್ಳರ ಆ್ಯಪ್. ಮೊದಲು ನನ್ನ ಈ ಮೆಸೇಜ್ ಕಾಕಾನ ಫೋನಿನಾಗ ತಗದು ಓದ್ರಿ, ಯಾಕಂದ್ರ ನಿಮ್ಮದರಾಗ ನೆಟ್ ಬಂದ್ ಮಾಡಿದ್ರ ನನ್ನ ಮೆಸೇಜೂ ಬರಂಗಿಲ್ಲ.
ನಿಮ್ಮ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕ್ರಿ, ವೈಫೈ ಬಂದ್ ಆಗೇತಿಲ್ಲ ನೋಡ್ರಿ. ಸೆಟ್ಟಿಂಗ್ಸ್ ಒಳಗ ಆ್ಯಪ್ಸ್, ಅಲ್ಲಿ ಹೊಸಾದು ಹುಡುಕಿ ಅನ್‌ಇನ್‌ಸ್ಟಾಲ್. ಆ ಬಟನ್ ಮಸುಕಾಗಿ ಒತ್ತಾಕ ಬರಲಿಲ್ಲಂದ್ರ ಅದು ಡಿವೈಸ್ ಅಡ್ಮಿನ್, ಅಂದ್ರ ಫೋನಿನ ಯಜಮಾನ ಆಗಿ ಕುಂತೈತಿ ಅಂತ ಅರ್ಥ. ಸೆಟ್ಟಿಂಗ್ಸ್ ಹುಡುಕೋ ಡಬ್ಬ್ಯಾಗ ‘ಡಿವೈಸ್ ಅಡ್ಮಿನ್’ ಅಂತ ಹಾಕಿ, ಟಿಕ್ ತಗದು, ಆಮ್ಯಾಲ ಅಳಿಸ್ರಿ. ಆಕ್ಸೆಸಿಬಿಲಿಟಿ ಒಳಗೂ ಅದರ ಹೆಸರು ಐತೇನು ನೋಡ್ರಿ. ಇವು ಎಸ್ಸೆಮ್ಮೆಸ್ ಓದ್ತಾವ. ಓಟಿಪಿ ನೀವು ಹೇಳದಿದ್ರೂ ಅವರಿಗೆ ಮುಟ್ಟತೈತಿ.

ಪ್ರೀತಿ: ಅಳಿಸಿದ ಮ್ಯಾಲ ನೆಟ್ವರ್ಕ್ ಚಾಲೂ ಮಾಡಿ *#21# ಒತ್ರಿ. ಕಾಲ್ ಫಾರ್ವರ್ಡ್ ಅಂತ ಗುರ್ತಿಲ್ಲದ ನಂಬರ್ ಬಂದ್ರ ##002# ಒತ್ತಿ ತಗೀರಿ. ಬ್ಯಾಂಕಿಗೆ ಕಾಕಾನ ಫೋನಿಂದ ಹೇಳ್ರಿ. ರೊಕ್ಕ ಹೋಗಿದ್ರ ಸೈಬರ್ ಸಹಾಯವಾಣಿ 1930ಕ್ಕ ಈಗಿಂದೀಗ ಫೋನ್ ಮಾಡ್ರಿ. ತಡಾ ಆದಷ್ಟು ಅದು ಖಾತೆಯಿಂದ ಖಾತೆಗೆ ಓಡತೈತಿ.

ಸುಮಾ ಕಾಕು, 10:31: ಅಳಿಸೀನವ್ವ. ಟಿಕ್ ತಗದ ಮ್ಯಾಲ ಹೋತು. ಬ್ಯಾಂಕಿನ್ಯಾಗ ಏನೂ ಹೋಗಿಲ್ಲಂತ. ನಿಮ್ಮ ಕಾಕಾ ನಿನ್ನೆನ ಡಿಶ್ ಬಿಚ್ಯಾರ, ಅದಕ್ಕ ನಾ ಲಿಂಕ್ ಒತ್ತಿದ್ದು. ರಾತ್ರಿ ಧಾರಾವಾಹಿ ತಪ್ಪಿತು.

ಶ್ರೀಶೈಲ: ಫಾರ್ವರ್ಡ್ ಇವತ್ತು, ಡಿಶ್ ನಿನ್ನೆ?

ಬಸಣ್ಣ ಕಾಕಾ: ನನಗ ನಿನ್ನೆನ ಬಂದಿತ್ತು. ತಿಂಗಳ ರೊಕ್ಕಾನೂ ಮುಗಿದಿತ್ತು.

ಈರಣ್ಣ: ಹೆಂಗೂ ಬಿಚ್ಚೀರಿ, ರೊಕ್ಕದ್ದ ತಕರಾರಂದ್ರ ಡಿಡಿ ಫ್ರೀ ಡಿಶ್ ಕಡಿಗೆ ತಿರುಗಿಸ್ರಿ. ತಿಂಗಳ ಬಾಡಿಗಿ ಇಲ್ಲ. ಬಾಕ್ಸ್ ಬ್ಯಾರೆ ಬೇಕು, ಎಂಪೆಗ್-4 ಅನ್ನೋ ಹೊಸಾ ವಿಡಿಯೋ ಪದ್ಧತಿ ಇದ್ದದ್ದ ತಗೋರಿ, ಬರೇ ಎಂಪೆಗ್-2ರಾಗ ಚಾನೆಲ್ ಕಡಿಮಿ.
ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ಬಾಗಲಕೋಟಿಯಿಂದ ದಿಕ್ಸೂಚಿ 131ಕ್ಕ, ಅಂದ್ರ ಆಗ್ನೇಯಕ್ಕಿಂತ ಚೂರು ಪೂರ್ವಕ್ಕ. ಮೊಬೈಲ್ ದಿಕ್ಸೂಚಿ ಪೈಪಿನ ಹತ್ರ ಹಿಡಿಬ್ಯಾಡ್ರಿ, ಕಬ್ಬಿಣಕ್ಕ ಮುಳ್ಳು ತಿರುಗತೈತಿ. ನಾಲ್ಕು ಹೆಜ್ಜಿ ದೂರ ನಿಂದರ್ರಿ. ಎತ್ತರ 62 ಡಿಗ್ರಿ, ಆದ್ರ ಡಿಶ್ ಮಾರಿ 40ರ ಮ್ಯಾಲ ಕೆಳಗ ಇದ್ದಂಗ ಕಾಣತೈತಿ, ಈ ತಟ್ಟಿ ಮಾಡಿದ್ದ ಹಂಗ. ಎಲ್ಲಾಕ್ಕಿಂತ ಮೊದಲು ದಾರಕ್ಕ ಕಲ್ಲು ಕಟ್ಟಿ ಪೈಪ್ ನೆಟ್ಟಗೈತೇನು ಎರಡು ಕಡಿಂದ ನೋಡ್ರಿ. ಪೈಪ್ ಸೊಟ್ಟ ಇದ್ರ ಈ ಲೆಕ್ಕ ಎಲ್ಲಾ ದಂಡ.
ಬಾಕ್ಸಿನಾಗ ಎರಡು ಗೆರಿ ಬರ್ತಾವ. ಸ್ಟ್ರೆಂತ್ ನೋಡಿ ಖುಷಿ ಪಡಬ್ಯಾಡ್ರಿ, ಅದು ಗ್ವಾಡಿ ಕಡಿಗೆ ತಿರುಗಿಸಿದ್ರೂ ಏರತೈತಿ. ಕ್ವಾಲಿಟಿ ಏರಬೇಕು. ಒಂದು ಬೆರಳಷ್ಟು ಸರಿಸೋದು, ನಾಲ್ಕು ಸೆಕೆಂಡ್ ಕಾಯೋದು. ಬೋಲ್ಟ್ ಒಂದನ್ನ ಪೂರಾ ಬಿಗಿದ್ರ ಡಿಶ್ ಜಗ್ಗತೈತಿ, ಅತ್ಲಾಗೊಂದು ಸುತ್ತು ಇತ್ಲಾಗೊಂದು ಸುತ್ತು. ವೈರ್ ಒಂದು ಗೇಣು ಜೋತು ಬಿಟ್ಟು ಮ್ಯಾಲ ತರ್ರಿ, ಮಳಿ ನೀರು ಅಲ್ಲೇ ತೊಟ್ಟಿಕ್ಕಿ ಬಾಕ್ಸಿಗೆ ಇಳಿಯಂಗಿಲ್ಲ.

ಬಸಣ್ಣ ಕಾಕಾ: ಬಾಯಿಲೆ ಹೇಳಿದ್ರ ತಿಳಿಯಂಗಿಲ್ಲ. ಫೋಟೋ ಹಾಕ್ತೀನಿ, ಎಲ್ಲಿ ಹಿಡೀಬೇಕು ಗುರ್ತು ಮಾಡಿ ಕಳಸು.

ಬಸಣ್ಣ ಕಾಕಾ, 11:08: 📷 ಫೋಟೋ

ಈರಣ್ಣ: ಪೈಪ್ ನೆಟ್ಟಗೈತಿ. ಕ್ಲಾಂಪಿನ ಕೆಳಗ ಒಂದು ತೂತು ಐತಲ್ಲ, ಕಾಕಾ.

ಈರಣ್ಣ: 8ರಂಗ ಐತಿ.

ಗಂಗಾ ವೈನಿ: 👀

ದೊಡ್ಡಪ್ಪ: ಬಸಣ್ಣ, ಈ ಫೋಟೋ ದೊಡ್ಡದು ಮಾಡೋದು ಹೆಂಗ?

ಬಸಣ್ಣ ಕಾಕಾ: [ಈ ಮೆಸೇಜ್ ಅಳಿಸಲಾಗಿದೆ]

ಪ್ರೀತಿ: ದೊಡ್ಡಪ್ಪ, ನಾ ಸೇವ್ ಮಾಡೀನ್ರಿ.