ಸಹಾಯ ಬೇಕು: ವಜೈನಿಸ್ಮಸ್‌ಗೆ ಫಿಸಿಯೋಥೆರಪಿಸ್ಟ್, ಶಿವಮೊಗ್ಗ–ದಾವಣಗೆರೆ ಕಡೆ

ಅಡ್ಮಿನ್, ಹೆಸರಿಲ್ಲದೆ ಹಾಕಿದ್ದಕ್ಕೆ ಥ್ಯಾಂಕ್ಸ್.

ಮದುವೆಯಾದಾಗಿನಿಂದ ನಮಗೆ ಸಂಭೋಗ ಸಾಧ್ಯವೇ ಆಗಿಲ್ಲ. ಆಸೆ ಇಲ್ಲ ಅಂತಲ್ಲ, ಗಂಡನ ಮೇಲೆ ಬೇಸರವೂ ಇಲ್ಲ. ಆ ಹೊತ್ತಿಗೆ ಯೋನಿಯ ಸುತ್ತಲಿನ ಸ್ನಾಯುಗಳು ತಾವಾಗಿಯೇ ಬಿಗಿಯಾಗುತ್ತವೆ, ಧೂಳು ಬಂದರೆ ಕಣ್ಣು ಮುಚ್ಚಿಕೊಳ್ಳುವ ಹಾಗೆ. ಆಮೇಲೆ ಉರಿ, ನೋವು. ಟ್ಯಾಂಪೂನ್ ಕೂಡ ಆಗಲ್ಲ. ಮೊದಲು ತೋರಿಸಿದ ಡಾಕ್ಟರ್ ಸ್ಪೆಕ್ಯುಲಮ್ (ಯೋನಿಯೊಳಗೆ ಹಾಕಿ ನೋಡುವ ಸಾಧನ) ಕೈಗೆ ತಗೊಂಡಿದ್ದೇ ತಡ, ನಾನು ತೊಡೆ ಬಿಗಿಹಿಡಿದು ಟೇಬಲ್ಲಿನ ತುದಿಗೆ ಸರಿದಿದ್ದೆ. "ಒಂದು ಮಗು ಆದ್ರೆ ಎಲ್ಲಾ ಸರಿಹೋಗುತ್ತೆ" ಅಂದರು. ಮಗು ಆಗೋದು ಹೇಗೆ ಅಂತ ಮಾತ್ರ ಹೇಳಲಿಲ್ಲ!

ಈಗಿನ ಡಾಕ್ಟರ್ ತಾಳ್ಮೆಯಿಂದ ಕೇಳಿದರು. ಸೋಂಕು, ಚರ್ಮದ ತೊಂದರೆ ಇಲ್ಲ, ಇದು ವಜೈನಿಸ್ಮಸ್ ಅಂದರು. ಆಪರೇಷನ್ ಬೇಡವಂತೆ. ಸ್ನಾಯು ಸಡಿಲಿಸುವ ವ್ಯಾಯಾಮ, ಚಿಕ್ಕದರಿಂದ ಶುರುಮಾಡಿ ನಿಧಾನವಾಗಿ ದೊಡ್ಡ ಅಳತೆಗೆ ಹೋಗುವ ಡೈಲೇಟರ್ (ಯೋನಿಯೊಳಗೆ ಇಟ್ಟು ಅಭ್ಯಾಸ ಮಾಡುವ ನಯವಾದ ಸಾಧನ), ಇಬ್ಬರಿಗೂ ಕೌನ್ಸೆಲಿಂಗ್. ಯೂಟ್ಯೂಬ್ ನೋಡಿ ಕೀಗಲ್ (ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ) ಮಾಡ್ತಿದ್ದೆ, ಅದನ್ನು ಸದ್ಯಕ್ಕೆ ನಿಲ್ಲಿಸಿ ಅಂದರು. ಬಿಗಿಯಾದ ಸ್ನಾಯುವನ್ನು ಇನ್ನೂ ಬಿಗಿ ಮಾಡಿ ಏನು ಪ್ರಯೋಜನ, ಅಲ್ವಾ?

ಶಿವಮೊಗ್ಗ, ದಾವಣಗೆರೆ ಕಡೆ ಪೆಲ್ವಿಕ್ ಫ್ಲೋರ್ (ಕಿಬ್ಬೊಟ್ಟೆಯ ತಳದ ಸ್ನಾಯುಗಳು) ನೋಡುವ ಮಹಿಳಾ ಫಿಸಿಯೋಥೆರಪಿಸ್ಟ್ ಯಾರಾದರೂ ಗೊತ್ತಾ? ಕನ್ನಡದಲ್ಲಿ ಆನ್‌ಲೈನ್ ಕೌನ್ಸೆಲಿಂಗ್ ಆದರೂ ಸರಿ. ಡೈಲೇಟರ್ ಬಳಸಿದವರು ಸಿಲಿಕೋನ್ ತಗೊಂಡ್ರಾ, ಪ್ಲಾಸ್ಟಿಕ್ಕಾ? ಅತ್ತೆ ಮನೆಯಲ್ಲಿ ಪಾರ್ಸೆಲ್ ನಾನೇ ಬಿಚ್ಚೋಕೆ ಆಗಲ್ಲ, ಅದಕ್ಕೂ ಉಪಾಯ ಇದ್ದರೆ ಹೇಳಿ. ಎಣ್ಣೆ, ಲೇಹ್ಯ ಮಾರುವವರು ದಯವಿಟ್ಟು ಇನ್‌ಬಾಕ್ಸ್‌ಗೆ ಬರಬೇಡಿ.