ಅಪ್ಪಾಜಿನ ಮುಂಬೈದಿಂದ ಬೀದರಕ ಕರ್ಕೊಂಡ್ ಬರಬೇಕಂತ ಮಾಡೀವಿ, ರಕ್ತದ ಕ್ಯಾನ್ಸರಿಗೆ ಎಲ್ಲಿ ತೋರಿಸ್ಬೇಕ್ರಿ?

ಕೇಳಿದವರು, ಹುಮನಾಬಾದ್:
ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಅಪ್ಪಾಜಿಗೆ 64 ವರ್ಷ, ಸಿಎಂಎಲ್ ಅಂತ ರಕ್ತದ ಕ್ಯಾನ್ಸರ್ ಅದ. ಮುಂಬೈದಾಗ ತಮ್ಮನ ಮನ್ಯಾಗ ಇದ್ದು ತೋರಿಸ್ಕೋತಾರ, ದಿನಾ ಡಸಾಟಿನಿಬ್ ಗುಳಿಗಿ ನಡದದ. ಹೋದ ಮಳಿಗಾಲದಿಂದ ದಮ್ಮು ಜಾಸ್ತಿ ಆಗ್ಯಾದ, ಅಲ್ಲಿ ಹವಾ ಆಗಿ ಬರವಲ್ದು, ಒಣ ಹವಾ ಇರೋ ಊರಾಗ ಇರ್ರಿ ಅಂತ ಒಬ್ರು ಡಾಕ್ಟ್ರು ಹೇಳ್ಯಾರ. ಬೀದರದಾಗ ನಮ್ಮ ಸ್ವಂತ ಮನಿ ಖಾಲಿ ಅದ. ಆದ್ರ ಅಲ್ಲಿಂದ ರಕ್ತದ ಡಾಕ್ಟ್ರಿಗೆ ಹೈದರಾಬಾದಕ ಹೋಗೋದಾ ಬೆಂಗಳೂರಿಗಾ? ಅನುಭವ ಇದ್ದೋರು ಜರಾ ಹೇಳ್ರಿ.

ಕಲಬುರಗಿಯಿಂದ:
ಅಕ್ಕಾರ, ನನ್ನ ತಮ್ಮಗ ಎಎಲ್‌ಎಲ್ ಅಂತ ಇನ್ನೊಂದು ರಕ್ತದ ಕ್ಯಾನ್ಸರ್ ಇತ್ತು, ಅದು ಜೋರಿನ ಜಡ್ಡು, ನಿಮ್ಮದು ಗುಳಿಗಿ ಮ್ಯಾಲ ನಡಿಯೋ ಜಾತಿ, ಎರಡೂ ಬ್ಯಾರೆ ಬ್ಯಾರೆ. ಆದ್ರೂ ಊರು ಬದಲ್ ಮಾಡೋ ವಿಷಯದಾಗ ಒಂದು ಮಾತು ಹೇಳ್ತೀನಿ. ದೊಡ್ಡ ಡಾಕ್ಟ್ರು ಎಲ್ಲಿ ಅದಾರ ಅಂತ ಎಲ್ಲಾರೂ ಕೇಳ್ತಾರ, ಮನಿ ಹತ್ರ ಯಾರದಾರ ಅಂತ ಯಾರೂ ಕೇಳಂಗಿಲ್ಲ. ಟ್ರೀಟ್‌ಮೆಂಟ್ ಠರಾಯಿಸೋ ಹೆಮಟಾಲಜಿಸ್ಟ್, ಅಂದ್ರ ರಕ್ತದ ಡಾಕ್ಟ್ರು, ದೂರ ಇದ್ರೂ ನಡೀತದ, ರಾತ್ರಿ ಜ್ವರ ಬಂದ್ರ ನೋಡೋರು ದೂರ ಇದ್ರ ನಡಿಯಂಗಿಲ್ಲ. ಕಿಮೋ ಆದ ಮ್ಯಾಲ ಬಿಳಿ ಕಣ ಪೂರಾ ಇಳಿದಿರ್ತಾವ, ಆವಾಗ 100.4 ಡಿಗ್ರಿ ಜ್ವರ ಅಂದ್ರನೂ ಎಮರ್ಜೆನ್ಸಿ, ತಾಸಿನೊಳಗ ಆಂಟಿಬಯಾಟಿಕ್ ನರಕ್ಕ ಹೋಗ್ಬೇಕು, ಗುಳಿಗಿ ನುಂಗಿಸಿ ಮುಂಜಾನಿ ನೋಡೋಣು ಅನ್ನೋ ಮಾತೇ ಇಲ್ಲ. ನಾವು ಹೈದರಾಬಾದಿನ ಡಾಕ್ಟ್ರ ಕಡಿಂದ ಒಂದು ಚೀಟಿ ಬರಿಸ್ಕೊಂಡಿದ್ದೀವಿ, ಪೇಶಂಟ್‌ಗೆ ಏನದ, ಜ್ವರ ಬಂದ್ರ ಯಾವ ಇಂಜೆಕ್ಷನ್, ಪ್ಲೇಟ್‌ಲೆಟ್ ಎಷ್ಟಕ್ಕ ಇಳಿದ್ರ ಏರಿಸ್ಬೇಕು, ಯಾವ ನಂಬರಿಗೆ ಫೋನ್ ಮಾಡ್ಬೇಕು. ಅದನ್ನ ಇಲ್ಲಿ ಒಬ್ರು ಎಂಡಿ ಡಾಕ್ಟ್ರಿಗೆ ಮೊದಲ ತೋರಿಸಿ, ಸರ ನೀವು ಹಿಡ್ಕೋತೀರೇನು ಅಂತ ಕೇಳಿ, ಅವರು ಹೂಂ ಅಂದ ಮ್ಯಾಲ ತಮ್ಮನ್ನ ಮನಿಗೆ ಕರ್ಕೊಂಡ್ ಬಂದೀವಿ. ನಿಮ್ಮ ಅಪ್ಪಾಜಿಗೆ ಇಷ್ಟೆಲ್ಲಾ ಬೇಕಾಗ್ಲಿಕ್ಕಿಲ್ಲ, ಆದ್ರೂ ಡಸಾಟಿನಿಬ್‌ನಾಗೂ ರಕ್ತ ಕಣದ ಕೌಂಟ್ ಇಳೀತಾವ, ಚೀಟಿ ಇರ್ಲಿ.

ಪ್ಲೇಟ್‌ಲೆಟ್ ವಿಷಯ ಬೇರೆ ಓದೋರ ಸಲುವಾಗಿ ಹೇಳ್ತೀನಿ. ಅದನ್ನ ಫ್ರಿಜ್‌ನಾಗ ಇಡಂಗಿಲ್ಲ, 20-24 ಡಿಗ್ರಿದಾಗ ಮಷೀನಿನ ಮ್ಯಾಲ ಅಲುಗಾಡಿಸ್ಕೋತ ಇಡ್ತಾರ, ಸಾಮಾನ್ಯ 5 ದಿನ ಅಷ್ಟೇ ಬಾಳಿಕಿ. ಬ್ಲಡ್ ಬ್ಯಾಂಕಿನಾಗ ಯಾವಾಗ್ಲೂ ಇರ್ತದ ಅಂತ ತಿಳ್ಕೋಬ್ಯಾಡ್ರಿ. ಅದೇ ಗ್ರೂಪಿನ ಹುಡುಗರ ಹೆಸರು ನಂಬರ್ ಬರದು ಇಟ್ಕೋರಿ, ಓಣ್ಯಾಗ ಕ್ರಿಕೆಟ್ ಆಡೋರನ್ನ ನಾವು ಹಿಡಿದಿದ್ದೀವಿ, ಒಬ್ಬನೂ ಇಲ್ಲ ಅನ್ಲಿಲ್ಲ ಪಾಪ.

ಯಾದಗಿರಿಯಿಂದ:
ಬೀದರ್ ಅಂತ ಠರಾಯಿಸೋಕಿಂತ ಮೊದಲು ಒಂದು ಕೇಳ್ತೀನ್ರಿ ಅಕ್ಕಾ, ತಪ್ಪ ತಿಳ್ಕೋಬ್ಯಾಡ್ರಿ. ದಮ್ಮು ಹವಾದಿಂದನೇ ಬಂದದ ಅಂತ ಯಾರು ಹೇಳ್ಯಾರ, ಎದಿ ಡಾಕ್ಟ್ರಾ, ರಕ್ತದ ಡಾಕ್ಟ್ರಾ? ನಮ್ಮ ಅವ್ವಗೂ ಸಿಎಂಎಲ್ ಅದ, ಅಕಿಗೂ ಇದೇ ಡಸಾಟಿನಿಬ್ ಇತ್ತು. ಈ ಗುಳಿಗಿಯಿಂದ ಕೆಲವರಿಗೆ ಶ್ವಾಸಕೋಶದ ಸುತ್ತ ನೀರು ತುಂಬ್ತದ, ಪ್ಲೂರಲ್ ಎಫ್ಯೂಷನ್ ಅಂತಾರ, ವಯಸ್ಸಾದವರಿಗೆ ಹೆಚ್ಚು, ಗುಳಿಗಿ ಚಾಲೂ ಮಾಡಿ ವರ್ಷಗಟ್ಲೆ ಆದ ಮ್ಯಾಲೂ ಬರಬಹುದು. ಅವ್ವಗ ನಾಕು ಮೆಟ್ಟಲ ಏರಿದ್ರ ದಮ್ಮು, ಅಡ್ಡಾದ್ರ ಕೆಮ್ಮು. ಎಕ್ಸ್-ರೇ ತೆಗಿಸಿದ್ರ ನೀರು. ಡೋಸ್ ನಿಲ್ಲಿಸಿ ಆಮ್ಯಾಲ ಗುಳಿಗಿನೇ ಬದಲ್ ಮಾಡಿದ್ರು, ಊರು ಬದಲ್ ಮಾಡೋ ಪ್ರಸಂಗನೇ ಬರ್ಲಿಲ್ಲ. ನಿಮ್ಮ ಅಪ್ಪಾಜಿಗೂ ಇದೇ ಅಂತ ನಾ ಅನ್ನಂಗಿಲ್ಲ, ಒಂದು ಎಕ್ಸ್-ರೇ ಒಂದು ಹಾರ್ಟಿನ ಎಕೋ ಮಾಡಿಸಿ ಹೆಮಟಾಲಜಿಸ್ಟ್‌ಗೆ ತೋರಿಸ್ರಿ. ನಿಮಗ ನೀವೇ ಗುಳಿಗಿ ಮಾತ್ರ ಬಂದ್ ಮಾಡಬ್ಯಾಡ್ರಿ.

ಇನ್ನೊಂದು, ಗ್ಯಾಸಿನ ಗುಳಿಗಿ. ನಮ್ಮ ಕಡಿ ಮುಂಜಾನಿ ಎದ್ದ ಕೂಡ್ಲೇ ಪ್ಯಾಂಟಾಪ್ರಝೋಲ್ ನುಂಗೋದು ಚಹಾ ಕುಡದಂಗ ಆಗ್ಯಾದ, ಮೆಡಿಕಲ್‌ನ್ಯಾಗ ಕೇಳಿದ್ರ ಕೊಡ್ತಾರ. ಹೊಟ್ಟಿ ಒಳಗ ಆಮ್ಲ ಕಡಿಮಿ ಆದ್ರ ಡಸಾಟಿನಿಬ್ ಮೈಗೆ ಬರಾಬರ್ ಹತ್ತಂಗಿಲ್ಲ.

ಕೇಳಿದವರು:
ಅಯ್ಯೋ ತಂಗಿ, ಆ ಪ್ಯಾಂಟಾಪ್ರಝೋಲ್ ಅವರು ದಿನಾ ತಗೋತಾರ. ತಮ್ಮಗ ಈಗೇ ಫೋನ್ ಹಚ್ಚೀನಿ, ಸೋಮವಾರ ಎಕ್ಸ್-ರೇ ಮಾಡಿಸ್ತಾನಂತ. ಎದಿ ಡಾಕ್ಟ್ರು ಅಂದಿದ್ರು, ರಕ್ತದ ಡಾಕ್ಟ್ರಿಗೆ ದಮ್ಮಿನ ವಿಷಯ ಹೇಳೇ ಇಲ್ಲಂತ. ಹವಾದೇ ಕಾರಣ ಅಂತ ಆದ್ರ ಬೀದರಕ ಬರೋದೇ.

ಬೀದರಿನಿಂದ:
ಬರ್ರಿ ಅಕ್ಕೋರ. ಬೀದರ್ ಸುಮಾರು 2,200 ಅಡಿ ಎತ್ತರದಾಗ ಅದ, ಕಲಬುರಗಿಯಷ್ಟು ಬಿಸಲಿಲ್ಲ, ಮುಂಬೈಯಂಗ ಪಸಿ ಪಸಿ ಇಲ್ಲ. ಆದ್ರ ಡಿಸೆಂಬರ್ ಜನವರಿ ಥಂಡಿ ಕಡಕ್ ಇರ್ತದ, ದಮ್ಮಿನವರಿಗೆ ಅದೂ ತಕ್ಲೀಫೇ. ಅದಕ ಮುಂಬೈ ಫೈಲ್ ಬಂದ್ ಮಾಡಬ್ಯಾಡ್ರಿ, ಒಂದು ಮಳಿಗಾಲ ಒಂದು ಚಳಿಗಾಲ ಇಲ್ಲಿದ್ದು ನೋಡ್ಲಿ.

ಕೌಂಟ್, ಲಿವರ್ ಟೆಸ್ಟ್, ಸಣ್ಣ ಪುಟ್ಟದ್ದಕ್ಕ ಇಲ್ಲಿ ಸರ್ಕಾರಿ ದವಾಖಾನಿ ಬ್ರಿಮ್ಸ್ ಅದ, ಖಾಸಗಿ ಲ್ಯಾಬೂ ಅದಾವ. ರಕ್ತದ ಡಾಕ್ಟ್ರಿಗೆ ಹೈದರಾಬಾದೇ ಸಮೀಪ, ಜಹೀರಾಬಾದ್ ಮ್ಯಾಲ ಹಾಸಿ ಸುಮಾರು 140 ಕಿಲೋಮೀಟರ್. ಅಲ್ಲಿ ದವಾಖಾನಿ ಅಂದ್ರ ಪಂಜಾಗುಟ್ಟಾದಾಗ ನಿಮ್ಸ್, ಬಂಜಾರಾ ಹಿಲ್ಸ್‌ನಾಗ ಬಸವತಾರಕಂ, ರೆಡ್ ಹಿಲ್ಸ್‌ನಾಗ ಸರ್ಕಾರಿ ಎಂಎನ್‌ಜೆ. ಬೋರ್ಡಿನ ಮ್ಯಾಲ ಕ್ಯಾನ್ಸರ್ ಅಂತ ಇದ್ರ ಸಾಲಂಗಿಲ್ಲ, ಹೆಮಟಾಲಜಿ ಓಪಿಡಿ ಯಾವ ದಿನ ಅಂತ ಫೋನ್ ಮಾಡಿ ಕೇಳಿ ಹೋಗ್ರಿ. ಗಂಟು ಗಡ್ಡಿ ನೋಡೋರೇ ಬ್ಯಾರೆ, ರಕ್ತ ನೋಡೋರೇ ಬ್ಯಾರೆ.

ಇನ್ನೊಬ್ರು, ಕಲಬುರಗಿ:
ಹೈದರಾಬಾದ್ ಸಮೀಪ ಖರೆ, ರೊಕ್ಕದ ಲೆಕ್ಕ ಯಾರು ಹೇಳ್ಬೇಕು? ಆರೋಗ್ಯಶ್ರೀ ಯೋಜನಾ ತೆಲಂಗಾಣದವರಿಗೆ, ನಮಗ ನಡಿಯಂಗಿಲ್ಲ. ನಮ್ಮ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಇದ್ರ ಮನಿಗೆ ವರ್ಷಕ್ಕ 5 ಲಕ್ಷದ ತನಕ, ಎಪಿಎಲ್ ಇದ್ರ ಪ್ಯಾಕೇಜಿನ 30 ಪರ್ಸೆಂಟ್, ಅದೂ 1.5 ಲಕ್ಷದೊಳಗ. ಅಪ್ಪಾಜಿ ಹೆಸರು ಯಾವ ರೇಷನ್ ಕಾರ್ಡಿನಾಗ ಅದ ನೋಡ್ರಿ, ಮಹಾರಾಷ್ಟ್ರದ ಕಾರ್ಡಿನಾಗ ಇದ್ರ ಮೊದಲ ಅದನ್ನ ಸರಿ ಮಾಡಿಸ್ರಿ. ರೆಫರಲ್ ಚೀಟಿ ಸರ್ಕಾರಿ ದವಾಖಾನಿಯಿಂದ ಬೇಕಾಗ್ತದ, ಅಲ್ಲೇ ಆರೋಗ್ಯಮಿತ್ರ ಅಂತ ಕೂತಿರ್ತಾರ, ಅವರನ್ನ ಕೇಳ್ರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ದವಾಖಾನಿ ಶಾಖೆ ನಮ್ಮ ಕಲಬುರಗಿದಾಗೂ ಅದ, ಬೆಂಗಳೂರಿಗೆ ಹೋಗೋಕಿಂತ ಮೊದಲು ಅಲ್ಲಿ ವಿಚಾರಿಸ್ರಿ. ಬೀದರಿನಿಂದ ಬೆಂಗಳೂರು ಅಂದ್ರ ಒಂದು ರಾತ್ರಿ ಪ್ರಯಾಣ, ಆದ್ರ ಕನ್ನಡದಾಗ ಮಾತಾಡಬಹುದು, ಮುದುಕರಿಗೆ ಅದು ಸಣ್ಣ ಮಾತಲ್ಲ.

ಯಾದಗಿರಿಯಿಂದ:
ಸಿಎಂಎಲ್‌ದಾಗ ತಿಂಗಳಾ ಓಡೋ ಕೆಲಸ ಇಲ್ರಿ ಅಣ್ಣಾರ. ರಕ್ತದಾಗ ಜಡ್ಡು ಎಷ್ಟು ಉಳದದ ಅಂತ ನೋಡೋ ಬಿಸಿಆರ್-ಎಬಿಎಲ್ ಟೆಸ್ಟ್ ಮೂರು ತಿಂಗಳಿಗೊಮ್ಮಿ, ನಂಬರ್ 0.1 ಪರ್ಸೆಂಟಿನ ತೆಳಗ ಬಂದು ನಿಂತ ಮ್ಯಾಲ ಮೂರರಿಂದ ಆರು ತಿಂಗಳಿಗೊಮ್ಮಿ. ಅದಕ ನನ್ನ ಕೇಳಿದ್ರ ಮುಂಬೈ ಡಾಕ್ಟ್ರನ್ನೇ ಇಟ್ಕೋರಿ, ಬೀದರಿನಿಂದ ಮುಂಬೈಗೆ ಸೀದಾ ರೈಲು ಅದ. ಕ್ಯಾನ್ಸರ್ ಪೇಶಂಟ್‌ಗೆ ಸ್ಲೀಪರ್, ಥರ್ಡ್ ಎಸಿ ಪೂರಾ ಮಾಫಿ, ಸಂಗಡ ಹೋಗೋರಿಗೆ 75 ಪರ್ಸೆಂಟ್ ಮಾಫಿ. ರೈಲ್ವೆ ಫಾರ್ಮಿನ ಮ್ಯಾಲ ಡಾಕ್ಟ್ರ ಸಹಿ ಶಿಕ್ಕಾ ಹಾಕಿಸ್ಕೊಂಡು ಕೌಂಟರಿನಾಗ ತಗೋಬೇಕು. ಟೆಸ್ಟ್ ಮಾತ್ರ ಒಂದೇ ಲ್ಯಾಬಿನಾಗ ಮಾಡಿಸ್ರಿ, ಲ್ಯಾಬ್ ಬದಲಾದ್ರ ನಂಬರ್ ಹೆಚ್ಚು ಕಡಿಮಿ ಆಗಿ ಸುಮ್ನ ಜೀವ ಹಾರ್ತದ. ಬದಲ್ ಮಾಡೋದೇ ಆದ್ರ ಇಂಟರ್‌ನ್ಯಾಷನಲ್ ಸ್ಕೇಲ್, ಅಂದ್ರ ಎಲ್ಲಾ ಲ್ಯಾಬಿಗೂ ಹೊಂದೋ ಒಂದೇ ಅಳತಿ, ಅದರಾಗ ರಿಪೋರ್ಟ್ ಕೊಡ್ತಾರೇನು ಕೇಳ್ರಿ.

ಕೇಳಿದವರು:
ಎಲ್ಲಾರಿಗೂ ಭಾಳ ಉಪಕಾರ ಆಯ್ತ್ರಿ. ರೇಷನ್ ಕಾರ್ಡಿನಾಗ ಹೆಸರು ಬೀದರದಾಗೇ ಅದ, ಬಿಪಿಎಲ್. ಸೋಮವಾರ ಎಕ್ಸ್-ರೇ ಬರ್ಲಿ, ಏನಂದ್ರು ಅಂತ ಬರೀತೀನಿ.

ಬೀದರಿನಿಂದ:
ಬರೀರಿ. ಬರೋದು ಆದ್ರ ಮೊದಲ ಬಿಸಿಆರ್-ಎಬಿಎಲ್ ರಿಪೋರ್ಟಿನಿಂದ ಹಿಡದು ಎಲ್ಲಾ ತಾರೀಖಿನ ಪ್ರಕಾರ ಜೋಡಿಸಿ ತರ್ರಿ, ಮತ್ತ ಒಂದು ತಿಂಗಳ ಗುಳಿಗಿ ಹೆಚ್ಚಿಗಿ ಇರ್ಲಿ, ಇಲ್ಲಿ ಮೆಡಿಕಲ್‌ನವರು ಹೊರಗಿಂದ ತರಿಸಿ ಕೊಡೋ ತನಕ ದಿನ ಹೋಗ್ತಾವ.